ಕೆಂಪು ಬಿದ್ದ ಹಿತ್ತಾಳೆ

ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಸಿಡ್ನಿಯ ಪ್ಯಾರಮಟ್ಟಾ ಪೊಲೀಸ್ ಠಾಣೆಯ ಕೌಂಟರಿನ ಮೇಲೆ ಒಬ್ಬ ಹೆಂಗಸು ಸ್ಟೀಲಿನ ಡಬ್ಬಿಯೊಂದನ್ನು ಇಟ್ಟು, ಅದರಿಂದ ದೂರ ಸರಿದು ನಿಂತಳು. ಒಳಗೇನಿದೆ ಎಂದು ಕಾನ್‌ಸ್ಟೇಬಲ್ ಡ್ಯಾನಿ ಖೌರಿ ಕೇಳಿದ. ನೀವೇ ತೆರೆದು ನೋಡಿ, ನಾನು ಇನ್ನೊಮ್ಮೆ ನೋಡಲಾರೆ ಎಂದಳು.

ಡಬ್ಬಿಯೊಳಗೆ ಹತ್ತಿಯ ಹಾಸಿನ ಮೇಲೆ ಮೂರು ಖಾಲಿ ಕಾಡತೂಸುಗಳಿದ್ದವು. ಗುಂಡಿಲ್ಲ, ಮದ್ದಿಲ್ಲ, ಎಂದೋ ಹಾರಿಸಿ ಉಳಿದ, ಕಿರುಬೆರಳಿನುದ್ದದ ಬರೀ ಹಿತ್ತಾಳೆಯ ಕೋಶಗಳು. ಯಾರೋ ಅವನ್ನು ಒಡವೆಯಂತೆ ತಿಕ್ಕಿ ಬೆಳಗಿದ್ದರು. ಮೂರನೆಯದರ ಬಾಯಿಂದ ಅರ್ಧ ಸುಟ್ಟ ಹತ್ತಿಯ ಬತ್ತಿಯೊಂದು ಇಣುಕುತ್ತಿತ್ತು. ಡ್ಯಾನಿ ಅದನ್ನು ಬಾಂಬಿನ ಫ್ಯೂಸ್ ಎಂದುಕೊಂಡ. ಕಾಯುತ್ತಿದ್ದವರನ್ನೆಲ್ಲ ಹೊರಗೆ ಕಳಿಸಿ ಮೇಲಿನ ಮಹಡಿಗೆ ಫೋನ್ ಮಾಡಿದ.

ಡಿಟೆಕ್ಟಿವ್ ಸಾರ್ಜೆಂಟ್ ಶಾಂಭವಿ ಹಿರೇಮಠ ಇಳಿದು ಬಂದವಳು ಡಬ್ಬಿಯ ಮೇಲೆ ಬಗ್ಗಿ ವಾಸನೆ ನೋಡಿದಳು. ಎಳ್ಳೆಣ್ಣೆ.

"ಫ್ಯೂಸ್ ಅಲ್ಲ ಡ್ಯಾನಿ," ಎಂದಳು. "ದೀಪ."

ಆ ಹೆಂಗಸಿನ ಹೆಸರು ಮಧುರಾ. ಮೈಸೂರಿನವಳು, ಮೂವತ್ತನಾಲ್ಕು ವರ್ಷ. ವೆಸ್ಟ್‌ಮೀಡ್‌ನ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ನೆಲಮಹಡಿಯ ಫ್ಲ್ಯಾಟೊಂದನ್ನು ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ಶಾಂಭವಿಯ ಹೆಸರಿನ ಪಟ್ಟಿ ಓದಿ ಅವಳು ಕನ್ನಡಕ್ಕೆ ಹೊರಳಿದಳು. ಶಾಂಭವಿ ಆರನೆಯ ವಯಸ್ಸಿಗೇ ಧಾರವಾಡದಿಂದ ಸಿಡ್ನಿಗೆ ಬಂದವಳು. ಅವಳ ಕನ್ನಡ ತಾಯಿಯ ಜೊತೆಗಷ್ಟೇ ಬಳಕೆಯಾಗುವ ಮನೆಯ ಕನ್ನಡ. ಠಾಣೆಯ ಕೋಣೆಯಲ್ಲಿ ಅದನ್ನು ಆಡುವಾಗ ಮನೆಯ ಸೀರೆ ಉಟ್ಟು ಆಫೀಸಿಗೆ ಬಂದಂತೆ ಅವಳಿಗೆ ಮುಜುಗರವಾಗುತ್ತಿತ್ತು.

ಹೇಳಿಕೆಯಲ್ಲಿ ದಾಖಲಾದದ್ದು ಇಷ್ಟು. ಫೆಬ್ರವರಿ ಕೊನೆಯ ವಾರ ಮೊದಲನೆಯ ಕೋಶ ಬಾಗಿಲ ಮುಂದಿನ ಕಾಲೊರಸಿನ ನಟ್ಟನಡುವೆ, ಬಾಯಿ ಮೇಲಾಗಿ ನೆಟ್ಟಗೆ ನಿಂತಿತ್ತು. ಮಕ್ಕಳಾಟವಿರಬೇಕೆಂದು ಮಧುರಾ ಎತ್ತಿಟ್ಟಳು. ಮುಂದಿನ ವಾರ ಎರಡನೆಯದು ಮಲಗುವ ಕೋಣೆಯ ಕಿಟಕಿಯ ಹೊರಗೆ, ಗಾಜಿಗೆ ತಾಗಿ ನಿಂತಿತ್ತು. ಬೆಳಿಗ್ಗೆ ಪರದೆ ಸರಿಸಿದಾಗ ಅದು ಅವಳ ಮುಖದ ಮಟ್ಟಕ್ಕಿತ್ತು. ಮೂರನೆಯದು ಮೊನ್ನೆ ಶನಿವಾರ. ಡ್ಯೂಟಿ ಮುಗಿಸಿ ಸಂಜೆ ನಾಲ್ಕರ ಹೊತ್ತಿಗೆ ಬೀಗ ತೆಗೆದು ಒಳಗೆ ಬಂದಳು. ದೇವರ ಗೂಡಿನಲ್ಲಿ, ಅವಳ ಜೋಡಿ ದೀಪಗಳ ನಡುವೆ ಅದು ನಿಂತಿತ್ತು.

"ಉರೀತಿತ್ತು ಮೇಡಂ," ಎಂದಳು ಮಧುರಾ. "ಮನೇಲಿ ಯಾರೂ ಇಲ್ಲ. ಬಾಗಿಲು ಹಾಕಿದ ಹಾಗೇ ಇದೆ. ಅದು ಮಾತ್ರ ಉರೀತಿತ್ತು."

"ಆಮ್ಯಾಲ?"

"ನಾನು ನಿಂತೇ ನೋಡಿದೆ. ಎಣ್ಣೆ ಮುಗೀತು. ಅದಾಗೇ ಆರಿಹೋಯ್ತು."

ಭಾನುವಾರವೆಲ್ಲ ಅವಳು ಹ್ಯಾರಿಸ್ ಪಾರ್ಕಿನ ಗೆಳತಿಯ ಮನೆಯಲ್ಲಿದ್ದಳು. ದೂರು ಕೊಡೆಂದು ಕಳಿಸಿದವಳು ಆ ಗೆಳತಿ. ಯಾರ ಮೇಲಾದರೂ ಸಂಶಯವಿದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದಳು. ಗಂಡ? ತೀರಿಕೊಂಡಿದ್ದಾರೆ, ಆಕ್ಸಿಡೆಂಟ್, ಮೆಲ್ಬರ್ನಿನಲ್ಲಿದ್ದಾಗ. ಆ ಮಾತನ್ನು ಡ್ರಾಯರ್ ಮುಚ್ಚುವಂತೆ ಬೇಗ ಮುಚ್ಚಿದಳು. ಏಳುವಾಗ ಒಂದೇ ಒಂದು ಪ್ರಶ್ನೆ ಕೇಳಿದಳು.

"ಇದನ್ನ ಯಾರು ತೊಳೆದಿದ್ದು ಅಂತ ಗೊತ್ತಾಗುತ್ತಾ ಮೇಡಂ?"

ಊರಿನಲ್ಲಿ ಎಫ್‌ಐಆರ್ ಎನ್ನುವುದನ್ನು ಇಲ್ಲಿ ಇವೆಂಟ್ ಎನ್ನುತ್ತಾರೆ. ಅದರ ನಂಬರನ್ನು ಬರೆದುಕೊಟ್ಟು ಮಧುರಾಳನ್ನು ಕಳಿಸಿದ ಮೇಲೂ ಶಾಂಭವಿ ಆ ಪ್ರಶ್ನೆಯ ಮುಂದೆಯೇ ಕುಳಿತಿದ್ದಳು. ಹೆದರಿದವರು ಇದನ್ನು ಇಟ್ಟವರು ಯಾರು ಎಂದು ಕೇಳುತ್ತಾರೆ. ಇವಳು ತೊಳೆದವರು ಯಾರು ಎಂದು ಕೇಳಿದ್ದಳು.

ಅಂದು ಮಧ್ಯಾಹ್ನ ಸ್ಥಳ ಪರಿಶೀಲನೆ ನಡೆಯಿತು. ಪಂಚನಾಮೆಗೆ ಪಂಚರಿಲ್ಲದ ದೇಶ; ಡ್ಯಾನಿಯ ಎದೆಯ ಮೇಲಿನ ಕ್ಯಾಮೆರಾವೇ ಸಾಕ್ಷಿ. ಬಾಗಿಲು, ಕಿಟಕಿ, ಬಾಲ್ಕನಿಯ ಜಾರುಬಾಗಿಲು ಎಲ್ಲೂ ಮುರಿದ ಗುರುತಿರಲಿಲ್ಲ. ಬಾಲ್ಕನಿಯ ಮೂಲೆಯಲ್ಲಿ ತುಳಸಿಯ ಕುಂಡವಿತ್ತು. ಶಾಂಭವಿ ಅದನ್ನು ಒಂದು ಬದಿಗೆ ವಾಲಿಸಿದಳು. ಕೆಳಗೆ ಬೀಗದ ಕೈ ಇತ್ತು.

"ನಿಮಗೆ ಹೇಗೆ ಗೊತ್ತು?" ಎಂದ ಡ್ಯಾನಿ.

"ನಮ್ಮಮ್ಮನೂ ಅಲ್ಲೇ ಇಡುತ್ತಾಳೆ. ದೇವರು ಕಾಯುತ್ತಾನಂತೆ."

"ನನ್ನ ಅಜ್ಜಿ ಮೇರಿಯಮ್ಮನ ವಿಗ್ರಹದ ಕೆಳಗಿಡುತ್ತಾಳೆ. ಎರಡು ಸಲ ಕಳವಾಗಿದೆ."

ಬೀಗದ ಕೈಯ ಮೇಲೆ, ಗೂಡಿನ ಅಂಚಿನ ಮೇಲೆ ಬೆರಳಚ್ಚು ಸಿಗಲಿಲ್ಲ. ಗ್ಲೌಸಿನ ಒರಟು ಗೀರುಗಳಷ್ಟೇ ಸಿಕ್ಕವು. ಮಧುರಾ ಬಳಸುವ ಬತ್ತಿ ಅಂಗಡಿಯ ಪ್ಯಾಕೆಟ್ಟಿನದು, ದಾರದಂತೆ ಉದ್ದನೆಯದು. ಕೋಶದೊಳಗೆ ಸಿಕ್ಕದ್ದು ಕೈಯಲ್ಲಿ ಹೊಸೆದ ಹೂಬತ್ತಿ. ಅಂಗೈಗೆ ವಿಭೂತಿ ಸವರಿಕೊಂಡು ಹೊಸೆದಿದ್ದರು. ಬುಡದಲ್ಲಿ ಬೂದಿಯ ಬಣ್ಣ ಉಳಿದಿತ್ತು.

ಹೊರಡುವ ಮುನ್ನ ಶಾಂಭವಿ ಪುರಾವೆಯ ಪ್ಲಾಸ್ಟಿಕ್ ಚೀಲದಲ್ಲಿದ್ದ ಕೋಶವನ್ನು ಮಧುರಾಳ ದೀಪದ ಪಕ್ಕದಲ್ಲಿ ಹಿಡಿದು ನೋಡಿದಳು. ದೀಪ ನಿಂಬೆಹಣ್ಣಿನಂತೆ ಹಳದಿ. ಕೋಶವೂ ಫಳಫಳ ಹೊಳೆಯುತ್ತಿತ್ತು. ಆದರೆ ಆ ಹೊಳಪಿನ ಅಡಿಯಲ್ಲಿ, ಎಳೆಯ ಚರ್ಮದ ಅಡಿಯ ನೆತ್ತರಿನಂತೆ, ಒಂದು ಕೆಂಪು ಇತ್ತು. ಅದನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲಿ ಎಂದು ನೆನಪಾಗಲಿಲ್ಲ.

ಠಾಣೆಯ ಊಟದ ಕೋಣೆಯಲ್ಲಿ ಅವರು ಅದೇ ಅಳತೆಯ ಇನ್ನೊಂದು ಕೋಶಕ್ಕೆ ಎಳ್ಳೆಣ್ಣೆ ಹಾಕಿ ಬತ್ತಿ ಹಚ್ಚಿದರು. ಅರ್ಧ ಗಂಟೆಯೂ ಉರಿಯಲಿಲ್ಲ. ಎಂದರೆ ಮಧುರಾ ಬಾಗಿಲಿನ ಬೀಗ ತೆಗೆಯುವಾಗ, ದೀಪ ಹಚ್ಚಿದವನು ಇನ್ನೂ ಆ ಬೀದಿಯನ್ನು ದಾಟಿರಲಾರ. ಪ್ರಾಯಶಃ ಎದುರಿನಿಂದಲೇ ಬಂದು ಹಾದುಹೋಗಿದ್ದ.

ಆ ಸಂಜೆ ಮನೆಗೆ ಹೋದ ಶಾಂಭವಿ ಚಪ್ಪಲಿ ಬಿಡುವ ಮುಂಚೆ ತನ್ನ ಮನೆಯ ಕಿಟಕಿಗಳ ಅಂಚುಗಳನ್ನೆಲ್ಲ ನೋಡಿದಳು. ಏನೂ ಇರಲಿಲ್ಲ. ಆದರೂ ಇನ್ನೊಂದು ಸುತ್ತು ಬಂದು ನೋಡಿದಳು. ತಾಯಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಆಗ ನೆನಪಾಯಿತು. ಧಾರವಾಡದ ಮನೆಯ ಹಿತ್ತಲು, ಹುಣಸೆಹಣ್ಣಿನ ನೀರಿನಲ್ಲಿ ಮರೆತುಹೋದ ದೀಪದ ಸಮೆ, ಅಜ್ಜಿಯ ಬೈಗುಳ. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಕೂಡಲೇ ತೊಳೆಯಬೇಕು. ರಾತ್ರಿಯೆಲ್ಲ ನೆನೆಹಾಕಿದರೆ ಕೆಂಪು ಬೀಳುತ್ತದೆ. ತಾಯಿಯನ್ನು ಕೇಳಿದಳು.

"ಹೌದಲ್ಲ," ಎಂದಳು ತಾಯಿ. "ಕೆಂಪು ಬಿದ್ದ ಹಿತ್ತಾಳಿ ಮ್ಯಾಲ ಚಂದ, ಒಳಗ ಸತ್ತಿರತದ. ಯಾಕ, ನೀ ಯಾವಾಗಿಂದ ದೀಪಾ ತಿಕ್ಕಾಕಿ ಆದಿ?"

ಗುರುವಾರ ಬಂದೂಕು ತಜ್ಞರ ವರದಿ ಬಂತು. ಮೂರೂ ಕೋಶಗಳು ಒಂದೇ ರೈಫಲ್ಲಿನವು. ಗುಂಡು ಹಾರಿಸುವಾಗ ಬುಡಕ್ಕೆ ಬಂದೂಕಿನ ಮೊಳೆ ಹೊಡೆದ ಗುರುತು ಮೂರರಲ್ಲೂ ಒಂದೇ. ಅದೇ ಗುರುತಿನ ಚಿತ್ರ ವಿಕ್ಟೋರಿಯಾ ರಾಜ್ಯದ ಹಳೆಯ ಕಡತವೊಂದರಲ್ಲಿ ಸಿಕ್ಕಿತ್ತು. ಆ ರೈಫಲ್ ಕಳೆದ ವರ್ಷ ಫೆಬ್ರವರಿಯಲ್ಲಿ ಮೆಲ್ಬರ್ನಿನ ಹೊರವಲಯದ ಗುರಿ ಮೈದಾನವೊಂದರಲ್ಲಿ ಅದನ್ನು ಹಿಡಿದಿದ್ದವನ ಕೈಯಲ್ಲೇ ಸಿಡಿದಿತ್ತು. ಲೋಹದ ಚೂರು ಕುತ್ತಿಗೆಯನ್ನು ಹೊಕ್ಕು ಅವನು ಸತ್ತಿದ್ದ. ಹೆಸರು ಹರ್ಷವರ್ಧನ್, ಮೆಲ್ಬರ್ನಿನ ಟ್ರುಗನಿನಾ ನಿವಾಸಿ, ಸಾಫ್ಟ್‌ವೇರ್ ಕೆಲಸ. ಹೆಂಡತಿ ಮಧುರಾ.

"ಸತ್ತವನ ಬಂದೂಕು," ಎಂದ ಡ್ಯಾನಿ. ಅವನು ಮತ್ತೆ ತಮಾಷೆ ಮಾಡಲಿಲ್ಲ.

ಅಸಹಜ ಸಾವುಗಳ ವಿಚಾರಣೆ ನಡೆಸುವ ಕೊರೊನರ್ ಕೊಟ್ಟ ತೀರ್ಮಾನವನ್ನು ಶಾಂಭವಿ ಎರಡು ಸಲ ಓದಿದಳು. ಗುರಿಗಾರಿಕೆಯ ಹವ್ಯಾಸಿಗಳಲ್ಲಿ ಹಲವರು ಖಾಲಿ ಕೋಶಗಳನ್ನು ಬಿಸಾಡುವುದಿಲ್ಲ. ಮನೆಗೆ ತಂದು, ತೊಳೆದು ಬೆಳಗಿ, ಮತ್ತೆ ಮದ್ದು ಗುಂಡು ತುಂಬಿಕೊಳ್ಳುತ್ತಾರೆ. ಹರ್ಷವರ್ಧನ್ ಬಳಿ ಅದಕ್ಕೆ ಲೈಸೆನ್ಸ್ ಇತ್ತು. ಅಂದು ಸಿಡಿದ ಕೋಶವನ್ನು ಹಿಂದೆ ಹಲವು ಬಾರಿ ಹುಳಿಯಲ್ಲಿ ಬಹಳ ಹೊತ್ತು ನೆನೆಹಾಕಲಾಗಿತ್ತು. ಹುಳಿ ಹಿತ್ತಾಳೆಯೊಳಗಿನ ಸತುವನ್ನು ತಿಂದು ಅದನ್ನು ಬಿಸ್ಕತ್ತಿನಂತೆ ಮಾಡಿತ್ತು. ಕೋಶಗಳನ್ನು ತೊಳೆಯುತ್ತಿದ್ದವಳು ಹೆಂಡತಿ ಎಂದು ಮೃತನ ತಮ್ಮ ಸಂಜು ಹೇಳಿಕೆ ಕೊಟ್ಟಿದ್ದ. ಹೆಂಡತಿ ಹೌದು ಎಂದಿದ್ದಳು. ಉದ್ದೇಶವಿರಲಿಲ್ಲ, ಆಕಸ್ಮಿಕ ಎಂದು ಕಡತ ಮುಚ್ಚಿತ್ತು. ಜೊತೆಗೊಂದು ಚಿತ್ರವಿತ್ತು: ಬುಡ ಹರಿದ ಕೋಶ, ಹರಿದ ಅಂಚಿನಲ್ಲಿ ಕೆಂಪು.

ಅಷ್ಟರಲ್ಲಿ ಡ್ಯಾನಿ ಬೀದಿಯ ಕ್ಯಾಮೆರಾಗಳನ್ನು ಸೋಸಿದ್ದ. ಶನಿವಾರ ನಾಲ್ಕಕ್ಕೆ ಸ್ವಲ್ಪ ಮುಂಚೆ, ಆಸ್ಪತ್ರೆಯ ಹೊಸ ಕಟ್ಟಡದ ಕೂಲಿಗಳ ನಡುವೆ, ಕಿತ್ತಳೆ ಬಣ್ಣದ ಹೊಳೆವ ಜಾಕೆಟ್ಟಿನ ಒಬ್ಬ ವ್ಯಕ್ತಿ ನಿಲ್ದಾಣದತ್ತ ನಡೆದಿದ್ದ. ಆ ಬೀದಿಯಲ್ಲಿ ಅಂಥ ಜಾಕೆಟ್ ಹಾಕಿದವನನ್ನು ಯಾರೂ ತಿರುಗಿ ನೋಡುವುದಿಲ್ಲ. ಅವನ ಎಡ ಭುಜ ಎತ್ತರ, ಕೈಯಲ್ಲಿ ಊಟದ ಚೀಲ. ಬ್ಯಾಂಡೇಜು ಸುತ್ತಿದಂತೆ ಎರಡೂ ಕೈಗೆ ಬಿಳಿ ಗ್ಲೌಸ್.

ಶುಕ್ರವಾರ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಶಾಂಭವಿ ಆ ಚಿತ್ರವನ್ನು ಮಧುರಾಳ ಮುಂದಿಟ್ಟಳು. ಮಧುರಾ ಅದನ್ನು ನೋಡಿದಳು. ಚಹಾದ ಕಪ್ಪನ್ನು ತಟ್ಟೆಯ ಮೇಲೆ ಸರಿಯಾಗಿ ಕೂರಿಸಿದಳು. ಗೊತ್ತಿಲ್ಲ ಎಂದಳು.

"ಸರಿಯಾಗಿ ನೋಡ್ರಿ."

"ಗೊತ್ತಿಲ್ಲ ಮೇಡಂ. ಬಿಟ್ಟುಬಿಡೋಣ. ನಾನು ಬೀಗ ಬದಲಾಯಿಸಿದೀನಿ. ಕಂಪ್ಲೇಂಟ್ ವಾಪಸ್ ತಗೋಬಹುದಲ್ವಾ?"

ನಾಲ್ಕು ದಿನದ ಹಿಂದೆ ಡಬ್ಬಿಯನ್ನು ಮುಟ್ಟಲಾರದೆ ನಿಂತಿದ್ದವಳು ಇವಳೇ. ಶಾಂಭವಿ ಚಿತ್ರವನ್ನು ಮಡಿಚಿ ಒಳಗಿಟ್ಟಳು. ಕೊರೊನರ್ ವರದಿ ಓದಿದ್ದೇನೆ ಎಂದಳು. ಮಧುರಾಳ ಮುಖ ಬದಲಾಗಲಿಲ್ಲ. ಅದಕ್ಕೆ ತಯಾರಾಗಿದ್ದವಳ ಮುಖ ಅದು.

"ಕೋಶಾ ತೊಳೀತಿದ್ದವರು ಯಾರು?"

"ನಾನೇ. ಅದರಲ್ಲಿ ಬರೆದಿದ್ಯಲ್ಲ."

"ಮನ್ಯಾಗಿನ ದೀಪಾ ಯಾತರಿಂದ ತಿಕ್ಕತೀರಿ?"

ಮಧುರಾ ತಲೆಯೆತ್ತಿದಳು. "ಪುಡೀಲಿ. ಇಂಡಿಯನ್ ಅಂಗಡೀಲಿ ಸಿಗುತ್ತಲ್ಲ ಅದು."

"ಹುಣಸಿಹಣ್ಣು?"

"ಇಲ್ಲ, ನಮ್ಮನೇಲಿ ಹುಣಸೆಹಣ್ಣು ಹಾಕಲ್ಲ, ಅದು..." ಎಂದವಳು ತಟಕ್ಕನೆ ಮಾತು ನಿಲ್ಲಿಸಿದಳು. ನಂತರ ಶಾಂಭವಿ ಎಷ್ಟು ಕೇಳಿದರೂ, ಡ್ಯೂಟಿಗೆ ಹೊತ್ತಾಯಿತು ಎಂಬುದೊಂದೇ ಉತ್ತರ.

ದೂರನ್ನು ಹಿಂದಕ್ಕೆ ಪಡೆಯಲು ಇಲ್ಲಿ ಬರುವುದಿಲ್ಲ. ಒಂದು ಮನೆಯ ಬೀಗ ತೆಗೆದು ಒಳಹೊಕ್ಕು ದೀಪ ಹಚ್ಚಿ ಹೋದವನು ಮುಂದಿನ ಸಲ ಏನು ಹಚ್ಚುತ್ತಾನೋ ಯಾರಿಗೂ ತಿಳಿಯದು. ಖಾಲಿ ಕೋಶ ಇಟ್ಟುಕೊಳ್ಳುವುದು ಅಪರಾಧವಲ್ಲ. ಅದರಿಂದ ಒಬ್ಬಳನ್ನು ಹೆದರಿಸುವುದು ಅಪರಾಧ. ವಿಕ್ಟೋರಿಯಾದ ಚಾಲನಾ ಪರವಾನಗಿಯಲ್ಲಿ ಸಂಜುವಿನ ಚಿತ್ರ ಸಿಕ್ಕಿತು, ಬೀದಿಯ ಕ್ಯಾಮೆರಾದ ವ್ಯಕ್ತಿಗೆ ಹೊಂದಿತು. ಅವನು ಟ್ರಕ್ ಚಾಲಕ. ಟ್ರುಗನಿನಾದ ಗೋದಾಮುಗಳಿಂದ ಸಿಡ್ನಿಗೆ ವಾರಕ್ಕೊಮ್ಮೆ ಸರಕು ಒಯ್ಯುತ್ತಿದ್ದ, ಇಲ್ಲಿ ಒಂದು ಹಗಲು ಕಡ್ಡಾಯ ವಿಶ್ರಾಂತಿ. ಮಧುರಾಳ ಬಾಗಿಲಿಗೆ ಕೋಶ ಬಂದ ಮೂರು ದಿನವೂ ಅವನ ಟ್ರಕ್ಕು ಸಿಡ್ನಿಯಲ್ಲಿತ್ತು. ಸೋಮವಾರ ಕೋರ್ಟು ಬಂಧನದ ವಾರಂಟ್ ಕೊಟ್ಟಿತು.

ಮಾರ್ಚ್ ಹತ್ತೊಂಬತ್ತು, ಮಂಗಳವಾರ. ಬೆಳಗಿನ ವಿಮಾನದಲ್ಲಿ ಶಾಂಭವಿ ಮತ್ತು ಡ್ಯಾನಿ ಮೆಲ್ಬರ್ನಿಗೆ ಹೋದರು. ಹೊರ ರಾಜ್ಯದ ಪೊಲೀಸರು ಅಲ್ಲಿ ತಾವಾಗಿ ಯಾರನ್ನೂ ಹಿಡಿಯುವಂತಿಲ್ಲ. ವೆರಿಬೀ ಠಾಣೆಯ ಡಿಟೆಕ್ಟಿವ್ ಒಬ್ಬಳು ಶೋಧನೆಯ ವಾರಂಟಿನೊಂದಿಗೆ ಜೊತೆಯಾದಳು.

ಟ್ರುಗನಿನಾದ ಆ ಬೀದಿಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಮರಗಳಿನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದವು. ಆಚೆ ಗೋದಾಮುಗಳ ಬಿಳಿ ಗೋಡೆ ಆಕಾಶದವರೆಗೆ. ಕಾರಿನಿಂದ ಇಳಿಯುತ್ತಲೇ ಶಾಂಭವಿಗೆ ಒಂದು ಸದ್ದು ಕೇಳಿತು. ಮುಚ್ಚಿದ ಗ್ಯಾರೇಜಿನ ಒಳಗಿಂದ, ಒಣ ಎಲೆಗಳ ರಾಶಿಯಲ್ಲಿ ಯಾರೋ ಸುಮ್ಮನೆ ಹೊರಳುತ್ತಿರುವಂಥ ಸದ್ದು. ನಿಲ್ಲುತ್ತಿರಲಿಲ್ಲ.

ಬಾಗಿಲು ತೆರೆದದ್ದು ಎಪ್ಪತ್ತರ ಆಸುಪಾಸಿನ ಹೆಂಗಸು. ಇಳಕಲ್ ಸೀರೆ, ಮೇಲೊಂದು ಉಣ್ಣೆಯ ಸ್ವೆಟರ್, ಹಣೆಯಲ್ಲಿ ವಿಭೂತಿ. ಹರ್ಷವರ್ಧನ್ ಮತ್ತು ಸಂಜುವಿನ ತಾಯಿ ಶಿವಲಿಂಗವ್ವ. ಸಮವಸ್ತ್ರ ಕಂಡು ಬೆದರಿದವಳು ಶಾಂಭವಿಯ ಕನ್ನಡ ಕೇಳಿ ಹಗುರಾದಳು. ಸಂಜು ಡಿಪೋಗೆ ಹೋಗಿದ್ದಾನೆ, ಊಟಕ್ಕೆ ಬರುತ್ತಾನೆ, ನೀವೂ ಉಣ್ಣಿರಿ ಎಂದಳು.

"ಗ್ಯಾರೇಜಿನ್ಯಾಗ ಏನ್ ಸದ್ದರೀ ಅದು?"

"ಅದಾ? ಹರ್ಷನ ಮಷಿನ್ ಅದು. ಯಾರೂ ಇಲ್ಲದಿದ್ರ ಮನಿ ಬಣಬಣಾ ಅಂತೈತಿ. ಹಂಗಂತ ಚಾಲೂ ಮಾಡಿ ಬಿಟ್ಟಿರತೇನಿ. ಅವಾ ಒಳಗ ಕುಂತ್ಹಂಗ ಆಕ್ಕತಿ."

ಗ್ಯಾರೇಜಿನಲ್ಲಿ ಕಾರಿರಲಿಲ್ಲ. ಬೆಂಚಿನ ಮೇಲೆ ಬಕೆಟ್ಟಿನಾಕಾರದ ಯಂತ್ರವೊಂದು ನಡುಗುತ್ತಾ ತಿರುಗುತ್ತಿತ್ತು. ಅದರೊಳಗೆ ಅಕ್ರೋಟಿನ ಚಿಪ್ಪಿನ ಪುಡಿ ಮಾತ್ರ, ಕೋಶವೊಂದೂ ಇಲ್ಲ. ಕೋಶಗಳನ್ನು ಹೊಳಪಿಸಲು ಹರ್ಷವರ್ಧನ್ ತಂದಿದ್ದ ಯಂತ್ರ ಅದು. ಡ್ಯಾನಿ ಸ್ವಿಚ್ ಆರಿಸಿದ. ಮುದುಕಿ ಅತ್ತ ನೋಡಿ, ಸೆರಗು ಸರಿಮಾಡಿಕೊಂಡಳು.

ಯಂತ್ರದ ಕೆಳಗೆ ಪ್ಲಾಸ್ಟಿಕ್ಕಿನ ಬಕೆಟ್ ಇತ್ತು. ಹುಣಸೆಹಣ್ಣಿನ ಕಂದು ನೀರು, ತಳದಲ್ಲಿ ಮಸುಕಾಗಿ ಹೊಳೆಯುವ ಕೋಶಗಳು. ಸಾವಿನ ನಂತರ ಪೊಲೀಸರು ಬಂದೂಕು, ಮದ್ದು, ಗುಂಡು ಎಲ್ಲವನ್ನೂ ಒಯ್ದಿದ್ದರು. ಖಾಲಿ ಹಿತ್ತಾಳೆ ಯಾರಿಗೂ ಬೇಡವಾಗಿ ಮೂಲೆಯ ಚೀಲದಲ್ಲಿ ಉಳಿದಿತ್ತು.

ಇವನ್ನು ತೊಳೆಯುವವರು ಯಾರು ಎಂದು ಶಾಂಭವಿ ಕೇಳಿದಳು. ಕೇಳುವಾಗಲೇ ಕೇಳಬಾರದಿತ್ತು ಎನ್ನಿಸಿತು.

"ನಾನ ತೊಳೀತೇನಿ, ಮತ್ಯಾರು? ಮೊದಲಿಂದೂ ನಂದ ಕೆಲಸ. ಆ ಮಷಿನ್ನಿಂದ ಎಲ್ಲಿ ಹೊಳಪು ಬರತೈತಿ? ರಾತ್ರಿ ನೆನಿ ಹಾಕಿ, ಮುಂಜಾನೆ ಎದ್ದ ತಿಕ್ಕಿದ್ರ, ನೋಡ್ರಿ, ಬಂಗಾರ." ನೀರಿಗೆ ಕೈ ಹಾಕಿ ಒಂದನ್ನೆತ್ತಿ ಸೆರಗಿನಿಂದ ಒರೆಸಿ ಶಾಂಭವಿಯ ಅಂಗೈಯಲ್ಲಿಟ್ಟಳು. ಒದ್ದೆ ಕೋಶ ತಣ್ಣಗಿತ್ತು. ಕೆಂಪಗಿತ್ತು. "ಹರ್ಷಾ ಅಂತಿದ್ದ, ಅವ್ವಾ ನಿನ್ನ ಕೈ ಹತ್ತಿದ್ದು ಬ್ಯಾರೇನ ಅಂತ."

"ಈಗ ಯಾರಿಗೆ ತೊಳೀತೀರಿ?"

"ಮಧುರಾಗ. ಸಂಜೂ ಅಂದ, ವೈನಿ ಅಣ್ಣನ ಫೋಟೋದ ಮುಂದ ದೀಪಾ ಹಚ್ಚಾಕ ಕೇಳ್ಯಾಳ ಅಂತ. ಬತ್ತೀನೂ ಹೊಸದ ಕೊಟ್ಟೇನಿ. ಮುಟ್ಟಿದುವೋ ಇಲ್ಲೋ, ಆಕಿ ಒಂದ ಫೋನೂ ಮಾಡಲಿಲ್ಲ."

ಹನ್ನೆರಡೂವರೆಗೆ ಸಂಜುವಿನ ಗಾಡಿ ಡ್ರೈವ್‌ವೇಯಲ್ಲಿ ನಿಂತಿತು. ಎಡ ಭುಜ ಎತ್ತರದ, ಮೂವತ್ತರ ಆಳು; ಕಿತ್ತಳೆ ಜಾಕೆಟ್ ಮೈಮೇಲೆಯೇ ಇತ್ತು. ಓಡಲಿಲ್ಲ. ವೆರಿಬೀಯ ಡಿಟೆಕ್ಟಿವ್ ವಾರಂಟ್ ಓದಿ, ಸುಮ್ಮನಿರುವ ಹಕ್ಕು ನಿನಗಿದೆ ಎಂದು ತಿಳಿಸಿ, ಎಲ್ಲವೂ ರೆಕಾರ್ಡ್ ಆಗುತ್ತಿದೆ ಎಂದಳು. ಅವನು ಗ್ಯಾರೇಜಿನ ಗೋಡೆಗೆ ಬೆನ್ನು ಕೊಟ್ಟು ನಿಂತ. ಒಳಗೆ ತಾಯಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಯಾಕ ಮಾಡಿದಿ ಸಂಜು?"

"ನಾ ಆಕೀಗೆ ಕೈ ಹಚ್ಚಿಲ್ಲರೀ. ಹಚ್ಚಾಂವನೂ ಅಲ್ಲ."

"ಅದನ್ನ ಕೇಳಿಲ್ಲ."

ಅವನು ದನಿ ತಗ್ಗಿಸಿದ. "ಅಣ್ಣನ್ನ ಕೊಂದಾಕಿ ಆಕಿ. ಹುಳಿಯೊಳಗ ಇಟ್ಟು ಮರತಳು. ಆಕೀನ ಒಪ್ಪಿದಳಲ್ಲ, ನನ್ನ ಮುಂದ, ಪೊಲೀಸರ ಮುಂದ. ಅವ್ವಗ ಬಂದೂಕ ಸಿಡೀತು ಅಂತಷ್ಟ ಹೇಳೇವಿ. ಒಪ್ಪಿದಾಕಿ ಒಂದ ಹನಿ ಕಣ್ಣೀರ ಹಾಕಲಿಲ್ಲ. ಅವ್ವನ್ನ ಬಿಟ್ಟು ಸಿಡ್ನಿಗೆ ಹೋಗಿ ಹೊಸಾ ಬಾಳ್ವೆ ಮಾಡತಾಳ. ದಿನಾ ಬಾಗಲಾ ತೆಗದ್ರ ಅಣ್ಣ ನೆನಪಾಗಬೇಕು ಆಕೀಗೆ. ಅಷ್ಟ."

"ತುಳಸಿ ಕೆಳಗ ಕೀಲಿ ಇರೂದು?"

"ಇಲ್ಲಿದ್ದಾಗನೂ ಅಲ್ಲೇ ಇಡತಿದ್ಲು."

ಆಕೆ ಮರೆತದ್ದನ್ನು ನೀನು ಕಣ್ಣಾರೆ ಕಂಡೆಯಾ ಎಂದು ಶಾಂಭವಿ ಕೇಳಿದಳು. ಕಂಡಿರಲಿಲ್ಲ. ಆಗ ಅವನು ಪರ್ತ್‌ನಲ್ಲಿದ್ದ, ಗಣಿಯ ಟ್ರಕ್ಕು ಓಡಿಸುತ್ತಿದ್ದ. ಅಣ್ಣ ಸತ್ತ ಮೇಲೆ ಬಂದವನು. ಅತ್ತಿಗೆ ಒಪ್ಪಿಕೊಂಡದ್ದನ್ನು ಕೇಳಿ ಅದನ್ನೇ ಪೊಲೀಸರಿಗೆ ಹೇಳಿದ್ದ.

ಇಲ್ಲಿಗೆ ಶಾಂಭವಿಯ ಕೆಲಸ ಮುಗಿದಿತ್ತು. ಅಪರಾಧಿ ಒಪ್ಪಿದ್ದ, ಪುರಾವೆಯಿತ್ತು. ಆದರೆ ಈ ನಂಬಿಕೆಯನ್ನು ಹೊತ್ತವನು ಜಾಮೀನಿನ ಮೇಲೆ ಹೊರಬಂದರೆ ಮಧುರಾಳ ಬಾಗಿಲಿಗೆ ಮತ್ತೆ ಬರುತ್ತಾನೆ. ಬೀಗ ಬದಲಾಯಿಸಿದ್ದರೆ ಕಿಟಕಿಗೆ ಬರುತ್ತಾನೆ. ಅವಳು ಚೀಲದಿಂದ ಎರಡು ವಸ್ತು ತೆಗೆದು ಬೆಂಚಿನ ಮೇಲಿಟ್ಟಳು. ಮೊದಲನೆಯದು ಕೊರೊನರ್ ಕಡತದ ಚಿತ್ರ, ಬುಡ ಹರಿದ ಕೋಶದ್ದು. ಎರಡನೆಯದು ಮಧುರಾಳ ದೇವರ ಗೂಡಿನಲ್ಲಿ ಉರಿದ ಕೋಶ.

ಸಂಜು ಎರಡನ್ನೂ ನೋಡಿದ. ಹರಿದ ಅಂಚಿನ ಕೆಂಪನ್ನು ನೋಡಿದ. ಉರಿದ ಕೋಶದ ಕೆಂಪನ್ನು ನೋಡಿದ. ಆಮೇಲೆ ಅವನ ಕಣ್ಣು ಬೆಂಚಿನ ಕೆಳಗಿನ ಬಕೆಟ್ಟಿಗೆ ಇಳಿಯಿತು. ಅಲ್ಲಿಂದ ನಿಧಾನವಾಗಿ ಅಡುಗೆಮನೆಯ ಬಾಗಿಲಿಗೆ.

ರೊಟ್ಟಿ ಬಡಿಯುವ ಸದ್ದು ನಿಂತಿತ್ತು. "ಸಂಜೂ, ಕೈಕಾಲ ತೊಳಕೋ, ಬಿಸೇದು ಉಣ್ಣು," ಎಂದು ಒಳಗಿಂದ ಕೂಗು ಬಂತು.

ಅವನು ಗೋಡೆಗುಂಟ ಜಾರಿ ನೆಲಕ್ಕೆ ಕುಳಿತ. ಪಿಸುಗುಟ್ಟಿದ.

"ಅಕ್ಕಾರ, ಕೋಳ ಹಾಕ್ರಿ, ಕರಕೊಂಡ ನಡೀರಿ. ಅವ್ವನ ಮುಂದ ಮಾತ್ರ ಇದನ್ನ ಅನಬ್ಯಾಡ್ರಿ."

ವೈನಿಯ ಮನೆಗೆ ಹೇಳದೆ ಹೊಕ್ಕು ಹೆದರಿಸಿದ್ದಾನೆ, ವಿಚಾರಣೆಗೆ ಒಯ್ಯುತ್ತೇವೆ ಎಂದಷ್ಟೇ ಶಾಂಭವಿ ಮುದುಕಿಗೆ ಹೇಳಿದಳು. ವೈನಿಯ ಮನೆಗೆ ಹೋಗಲಿಕ್ಕೂ ಈ ದೇಶದಲ್ಲಿ ಪೊಲೀಸರೇ ಎಂದು ಶಿವಲಿಂಗವ್ವ ಕೇಳಿದಳು. ಮಗನ ಜೇಬಿಗೆ ರೊಟ್ಟಿಯ ಸುರುಳಿ ತುರುಕಿ ಕಳಿಸಿದಳು. ಪಕ್ಕದ ಬೀದಿಯ ಹುಬ್ಬಳ್ಳಿಯ ಸಂಸಾರದ ಹೇಮಲತಾ ಬಂದು ಜೊತೆಗೆ ಕುಳಿತ ಮೇಲೆಯೇ ಕಾರು ಹೊರಟದ್ದು. ಬೀದಿಯ ತಿರುವಿನವರೆಗೂ ಶಾಂಭವಿ ಕಿವಿಗೊಟ್ಟಿದ್ದಳು. ಯಂತ್ರ ಮತ್ತೆ ಶುರುವಾಗಿತ್ತು.

ಎರಡು ದಿನದ ನಂತರ, ಗುರುವಾರ ಸಂಜೆ, ಅವಳು ಮತ್ತು ಡ್ಯಾನಿ ವೆಸ್ಟ್‌ಮೀಡ್‌ನ ಫ್ಲ್ಯಾಟಿಗೆ ಹೋದರು. ಸಂಜು ತಪ್ಪೊಪ್ಪಿಕೊಂಡಿದ್ದಾನೆ, ಮಧುರಾಳ ಬಳಿ ಸುಳಿಯಬಾರದೆಂಬ ಕೋರ್ಟಿನ ಆಜ್ಞೆಗೆ ಸಹಿ ಹಾಕಿದ್ದಾನೆ ಎಂದು ತಿಳಿಸಿದರು. ಕೋರ್ಟಿಗೆ ಕೊಡುವ ಸತ್ಯಾಂಶ ಪತ್ರದಲ್ಲಿ ಶಾಂಭವಿ ಅಪರಾಧದ ಸಾಬೀತಿಗೆ ಬೇಕಾದಷ್ಟೇ ಬರೆದಿದ್ದಳು. ಕೋಶಗಳು ಆರೋಪಿಯ ಮನೆಯವು ಎಂದಿತ್ತು. ತೊಳೆದವರ ಹೆಸರು ಇರಲಿಲ್ಲ.

"ತೊಳೀತಿದ್ದವರು ಯಾರಂತ ನಿಮಗ ಮೊದಲಿಂದಾನ ಗೊತ್ತಿತ್ತು," ಎಂದಳು ಶಾಂಭವಿ.

ಮಧುರಾ ಕಿಟಕಿಯ ಕಡೆ ನೋಡುತ್ತಿದ್ದಳು. "ನಮ್ಮ ಯಜಮಾನ್ರಿಗೂ ಗೊತ್ತಿತ್ತು ಮೇಡಂ. ಕೆಂಪಾಗಿದ್ದನ್ನ ಮತ್ತೆ ತುಂಬಬಾರದು ಅಂತ. ಅವ್ವನಿಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ, ಕೆಂಪು ಬಿದ್ದಿದ್ದನ್ನೆಲ್ಲ ಆರಿಸಿ ಆರಿಸಿ ಗ್ಯಾರೇಜಿನ ಮೂಲೆಯ ಚೀಲಕ್ಕೆ ಎಸೀತಿದ್ರು. ಅವ್ವನ ಮುಂದೆ, ಬಂಗಾರ ಆಗಿದೆ ಅನ್ನೋರು. ಎಷ್ಟೋ ಆರಿಸಿದ್ರು. ಒಂದು ತಪ್ಪಿಹೋಯ್ತು."

"ಅದಕ್ಕ ನೀವು ಒಪ್ಪಿಕೊಂಡ್ರಿ."

"ಮಗ ಹೋದ ದಿನ ಅವ್ವನ ಕೈಗೆ ಅದನ್ನೂ ಕೊಡೋಕಾಗುತ್ತಾ? ಅಳೋಕೆ ಬಾಯಿ ತೆಗೆದ್ರೆ ನಿಜ ಬಂದುಬಿಡುತ್ತೆ ಅಂತ ಹೆದರಿಕೆ. ಅದಕ್ಕೇ ದೂರ ಬಂದೆ."

"ದೂರು ಯಾಕ ಕೊಟ್ರಿ ಮತ್ತ?"

"ಸಂಜು ಅಂತ ಗೊತ್ತಿರಲಿಲ್ಲ. ಅವ್ವ ಇಲ್ಲಿವರೆಗೆ ಬರೋಕಾಗಲ್ಲ." ಅವಳ ದನಿ ತಗ್ಗಿತು. "ನಮ್ಮ ಯಜಮಾನ್ರು ಎಸೆದಿದ್ದೆಲ್ಲ ಒಂದೊಂದಾಗಿ ವಾಪಸ್ ಬರ್ತಿತ್ತು ಮೇಡಂ. ತೊಳೆದು, ಬೆಳಗಿ. ಅವರೇ ತಂದಿಡ್ತಿದಾರೆ ಅನ್ನಿಸ್ತು. ಯಾಕೆ ಸುಳ್ಳು ಹೇಳಿದೆ ಅಂತ ಕೇಳೋಕೆ."

ಡ್ಯಾನಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ. ಆದರೂ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಅವರು ಏಳುವ ಹೊತ್ತಿಗೆ ಮಧುರಾಳ ಫೋನು ಬಡಿಯಿತು. ಹೆಸರು ನೋಡಿ ಅವಳು ಶಾಂಭವಿಯ ಮುಖ ನೋಡಿದಳು. ಒಂದು ವರ್ಷದಲ್ಲಿ ಮೊದಲ ಸಲ ಬಂದ ಕರೆ ಅದು. ಎತ್ತಿದಳು. ಮುದುಕಿಯ ದೊಡ್ಡ ದನಿ ಕೋಣೆಗೆಲ್ಲ ಕೇಳಿಸಿತು.

"ದೀಪಾ ಮುಟ್ಟಿದುವೇನವಾ?"

ಮಧುರಾ ದೇವರ ಗೂಡಿನ ಕಡೆ ನೋಡಿದಳು. ಜೋಡಿ ದೀಪಗಳ ನಡುವಿನ ಜಾಗ ಖಾಲಿಯಿತ್ತು.

"ಮುಟ್ಟಿದುವು ಅವ್ವಾ."

"ಚಂದ ಉರಿದುವಾ?"

"ಚಂದ ಉರಿದುವು."

"ಪೊಲೀಸರು ಬಕೆಟ್ ಒಯ್ದ್ರು. ಅಡಿಗಿಮನ್ಯಾಗ ಒಂದ ಡಬ್ಬಿ ಉಳದೈತಿ, ಅದನ್ನ ಯಾರೂ ನೋಡಲಿಲ್ಲ. ನೆನಿ ಹಾಕಲೇನು?"

ಮಧುರಾ ಕಣ್ಣು ಮುಚ್ಚಿದಳು. ಮೈಸೂರಿನ ಅವಳ ನಾಲಿಗೆ ಆ ಮನೆಯಲ್ಲಿ ಕಲಿತ ಮಾತನ್ನು ಮರೆತಿರಲಿಲ್ಲ.

"ಸಾಕು ಅವ್ವಾ," ಎಂದಳು. "ಇನ್ನ ತೊಳೀಬ್ಯಾಡ್ರಿ. ಕೈ ನೋಯ್ತಾವ."